ಹೆರಿಗೆಯಾಗಿ ಏಳು ತಿಂಗಳು, ಇನ್ನೂ ಮೂಳೆ ಕೊರೆಯುತ್ತೆ: ಕೊರಿಯಾದ ಹನುಯ್‌ವೊನ್‌ಗೆ ತೋರಿಸಿದವರು ಇದ್ದೀರಾ?

ತುಂಗೆಯ ಮಗಳು, ಸುವೊನ್ · ನವೆಂಬರ್ 9, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾವಿರೋದು ಸುವೊನ್‌ನ ಯೊಂಗ್‌ತೊಂಗ್‌ನಲ್ಲಿ, ನಮ್ಮ ಯಜಮಾನರಿಗೆ ಇಲ್ಲೇ ಸಾಫ್ಟ್‌ವೇರ್ ಕೆಲಸ. ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು, ಸಹಜ ಹೆರಿಗೆ. ತೀರ್ಥಹಳ್ಳಿಯಿಂದ ಅಮ್ಮ 90 ದಿನದ ವೀಸಾದ ಮೇಲೆ ಬಂದು ಬಾಣಂತನ ಮಾಡಿ ಜುಲೈನಲ್ಲಿ ವಾಪಸ್ ಹೋದರು. ಅಮ್ಮ ಇರೋವರೆಗೂ ಎಣ್ಣೆ ನೀರು, ಮೆಣಸಿನ ಸಾರು, ತಲೆಗೆ ಬಟ್ಟೆ ಎಲ್ಲಾ ನಡೀತು. ಆಮೇಲೆ ಮನೆ, ಮಗು ಎರಡೂ ನನ್ನ ಒಬ್ಬಳ ತಲೆ ಮೇಲೆ.

ಆಗಸ್ಟ್‌ನಿಂದ ಬಲಗೈ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಯ್ತು. ಈಗ ಚಳಿ ಬಿದ್ದ ಮೇಲೆ ಮಂಡಿ, ಅಂಗಾಲು, ಸೊಂಟಕ್ಕೂ ಇಳಿದಿದೆ. ಬರೀ ನೋವಲ್ಲ ಅದು. ಫ್ರಿಜ್ ಬಾಗಿಲು ತೆಗೆದರೆ ಅದರ ಗಾಳಿ ಮಣಿಕಟ್ಟಿನ ಒಳಗೇ ಹೋದ ಹಾಗೆ. ಎರಡು ಜೊತೆ ಕಾಲುಚೀಲ ಹಾಕಿದರೂ ಪಾದ ಕೊರೆಯುತ್ತೆ, ಅದೇ ಹೊತ್ತಿಗೆ ಕುತ್ತಿಗೆ ಬೆವರುತ್ತೆ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆದು "ಏನೂ ಇಲ್ಲ" ಅಂತ ಹಚ್ಚೋ ಮುಲಾಮು, ಕೈಪಟ್ಟಿ ಕೊಟ್ಟು ಕಳಿಸಿದರು. "ಒಳಗೆ ಗಾಳಿ ಆಡುತ್ತೆ" ಅಂತ ಅಲ್ಲಿ ಹೇಳೋದು ಹೇಗೆ ಅಂತ ಗೊತ್ತಾಗದೆ ಸುಮ್ಮನೆ ಬಂದೆ.

ನಮ್ಮ ಕೆಳಗಿನ ಮನೆಯ ಹಾಲ್ಮೊನಿ, ಅಂದರೆ ಅಜ್ಜಿ, ಮೆಟ್ಟಿಲಲ್ಲಿ ನಾನು ಮಣಿಕಟ್ಟು ಹಿಡಿದು ನಿಂತಿದ್ದು ನೋಡಿದ್ದೇ "ಸಾನ್‌ಹುಪುಂಗ್" ಅಂದುಬಿಟ್ಟರು. ಹನುಯ್‌ವೊನ್‌ಗೆ, ಅಂದರೆ ಇಲ್ಲಿನ ಸಾಂಪ್ರದಾಯಿಕ ವೈದ್ಯದ ಕ್ಲಿನಿಕ್‌ಗೆ ಹೋಗು, ಸೂಜಿ (ಆಕ್ಯುಪಂಕ್ಚರ್) ಹಾಕಿಸು, ಕಷಾಯ ಕುಡಿ ಅಂತ ದಿನಾ ಹೇಳ್ತಾರೆ. ಮಗುವಿಗೆ ಇನ್ನೂ ಎದೆಹಾಲೇ. ಆ ಕಷಾಯ ಕುಡೀಬಹುದಾ? ಖರ್ಚೆಷ್ಟು? ಹೋಗಿ ಬಂದವರು ದಯವಿಟ್ಟು ಹೇಳಿ.

ಹಾನ್ ನದಿ ದಂಡೆ, ಸೋಲ್ · ನವೆಂಬರ್ 10, ಬೆಳಿಗ್ಗೆ 7:15

ತಂಗಿ, ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೀನಿ, ಎರಡೂ ಹೆರಿಗೆ ಇಲ್ಲೇ ಆಗಿದ್ದು. ಎರಡನೇದಾದ ಮೇಲೆ ನಿನ್ನ ಹಾಗೇ ಆಗಿತ್ತು.

ಸಾನ್ ಅಂದರೆ ಹೆರಿಗೆ, ಹು ಅಂದರೆ ಆಮೇಲೆ, ಪುಂಗ್ ಅಂದರೆ ಗಾಳಿ. ನಮ್ಮ ಕಡೆ ಹಿರಿಯರು "ಬಾಣಂತಿಗೆ ವಾಯು ಹಿಡಿದಿದೆ" ಅಂತಾರಲ್ಲ, ಸರಿಯಾಗಿ ಅದೇ ಮಾತು. ಹೆತ್ತ ಮೇಲೆ ಮೈ ಸಡಿಲ ಆಗಿರುತ್ತೆ, ಕೀಲಿನ ಸಂದೀಲಿ ಗಾಳಿ ಹೊಗುತ್ತೆ ಅಂತ ಇವರ ನಂಬಿಕೆ. ಹಾಗಾಗಿ ಮೊದಲ 21 ದಿನಕ್ಕೆ ಸಾಮ್‌ಚಿಲಿಲ್ ಅಂತ ಹೆಸರು, ಮೂರು ಏಳು ಅಂತ ಅರ್ಥ. ಆಗ ತಣ್ಣೀರು ಮುಟ್ಟೋ ಹಾಗಿಲ್ಲ, ಗಟ್ಟಿ ಪದಾರ್ಥ ಕಚ್ಚೋ ಹಾಗಿಲ್ಲ, ಬಿಸಿ ಮಾಡಿದ ನೆಲದ ಮೇಲೆ ಮಲಗಿ ಮೂರು ಹೊತ್ತೂ ಮಿಯೊಕ್‌ಗುಕ್ ಕುಡೀಬೇಕು. ಆಸ್ಪತ್ರೆಯಲ್ಲಿ ನಿನಗೂ ಆ ಕಡಲಪಾಚಿ ಸಾರು ಕೊಟ್ಟಿರ್ತಾರೆ. ಈಗ ಬಹಳ ಜನ ಎರಡು ವಾರ ಸಾನ್‌ಹುಜೊರಿವೊನ್‌ಗೆ, ಅಂದರೆ ಬಾಣಂತನದ ಮನೆಗೆ, ಹೋಗ್ತಾರೆ. ನಮ್ಮಂಥವರಿಗೆ ಅದರ ಖರ್ಚು ಎಟುಕಲ್ಲ.

ಹನುಯ್‌ವೊನ್ ಅಂದರೆ ನಾಟಿ ವೈದ್ಯರ ಮನೆ ಅಂದುಕೋಬೇಡ. ಅಲ್ಲಿರೋ ಹನುಯ್‌ಸಾ ಆರು ವರ್ಷ ಓದಿ, ರಾಷ್ಟ್ರೀಯ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡವರು. ಇಡೀ ದೇಶದಲ್ಲಿ ಈ ವಿದ್ಯೆ ಕಲಿಸೋ ಕಾಲೇಜು ಹನ್ನೆರಡೇ. ಸೂಜಿ, ಸೊಪ್ಪು ಹೊತ್ತಿಸಿ ಕೊಡೋ ಹೊಗೆ, ಬುಹಾಂಗ್ ಅನ್ನೋ ಬಟ್ಟಲು ಹಚ್ಚೋದಕ್ಕೆ 1987ರಿಂದಲೂ ಸರ್ಕಾರಿ ವಿಮೆ ಇದೆ. ಕೈಯಿಂದ ಮೂಳೆ ಕೀಲು ಸರಿ ಮಾಡೋ ಚುನಾಗೆ 2019ರ ಏಪ್ರಿಲ್‌ನಿಂದ ಬಂತು. ಕುದಿಸಿ ಪೊಟ್ಟಣಕ್ಕೆ ತುಂಬಿ ಕೊಡೋ ಕಷಾಯ, ಹನ್ಯಾಕ್, ಮಾತ್ರ ಬಾಣಂತಿಯರಿಗೆ ಪೂರ್ತಿ ಕೈಯಿಂದಲೇ. ಆದರೆ ಬಸುರಿಯಾಗಿದ್ದಾಗ ಆರೋಗ್ಯ ವಿಮೆಯವರು ಕಾರ್ಡಿಗೆ ಹಾಕಿದ 10 ಲಕ್ಷ ವೊನ್‌ನಲ್ಲಿ ಏನಾದರೂ ಉಳಿದಿದೆಯಾ ನೋಡು. ವಿಮೆ ಕಟ್ಟೋ ನಮ್ಮಂಥ ವಿದೇಶಿಯರಿಗೂ ಅದು ಬರುತ್ತೆ, ಹೆರಿಗೆಯಾಗಿ ಎರಡು ವರ್ಷದವರೆಗೂ ನಡೆಯುತ್ತೆ. ನಾನು ಹನ್ಯಾಕ್‌ಗೂ ಅದನ್ನೇ ಉಜ್ಜಿದೆ. ಉಳಿದ "ಮಗು ಹುಟ್ಟಿದ ಹಣ" ಬಹುಪಾಲು ಇಲ್ಲಿನ ಪೌರತ್ವ ಇರೋ ಮಕ್ಕಳಿಗೆ, ಅದನ್ನ ನೆಚ್ಚಿಕೊಂಡು ಕೂರಬೇಡ.

ನನಗೆ ಆರೇಳು ಸಲ ಸೂಜಿ ಹಾಕಿಸಿದ ಮೇಲೆ ಸೊಂಟ ಹಗುರ ಆಯ್ತು. ನಿದ್ದೆ ಬಂತು. ಅದೇ ದೊಡ್ಡದು.

ಮಲಪ್ರಭಾ · ನವೆಂಬರ್ 10, ಬೆಳಿಗ್ಗೆ 9:02

ಓದಿ ನಮ್ಮವ್ವನ ನೆನಪಾತ್ರಿ. ನಮ್ಮ ಕಡೆ ಬಾಣಂತ್ಯಾರನ್ನ ಹೊರಸಿನ ಮ್ಯಾಲೆ ಮಲಗಿಸಿ ಕೆಳಗ ಅಗ್ಗಿಷ್ಟಿಗಿ ಇಟ್ಟು ಕಾಸ್ತಿದ್ರು. ನೀವು ಹೇಳೋ ಬಿಸಿ ನೆಲನೂ ಅದ ಕೆಲಸ ಮಾಡತದ. ಅಳವಿ ಪಾಯಸ, ಅಂಟಿನುಂಡಿ, ಕಿವ್ಯಾಗ ಅರಳಿ, ಹೊಗಿ. "ಈಗ ಕಾಸಿಕೊಳ್ಳಲಿಲ್ಲಂದ್ರ ಮುದುಕಿ ಆದಾಗ ಗಾಳಿ ಲೆಕ್ಕಾ ಕೇಳತದ" ಅಂತಿದ್ಲು ನಮ್ಮವ್ವ. ತಂಗೀ, ನಿಮ್ಮ ಮನ್ಯಾಗ ನೆಲ ಬಿಸಿ ಮಾಡೋದು ಐತಲ್ಲ, ಕರೆಂಟು ಗ್ಯಾಸು ಬಿಲ್ಲಿಗೆ ಹೆದರಿ ಬಂದ್ ಮಾಡಿ ಕುಂತೀಯೇನು? ಅದನ್ನ ಮೊದಲ ಹಚ್ಚು.

ಹೆರಿಗೆ ವಾರ್ಡಿನ ಸಿಸ್ಟರ್, ಮಂಗಳೂರು · ನವೆಂಬರ್ 10, ಮಧ್ಯಾಹ್ನ 2:30

ನಾನು ಹದಿನೆಂಟು ವರ್ಷದಿಂದ ಬಾಣಂತಿಯರ ಮಧ್ಯೆಯೇ ಕೆಲಸ ಮಾಡುವವಳು. ಸೂಜಿ ಹಾಕಿಸಿಕೊಳ್ಳಬೇಡ ಅಂತ ಹೇಳಲು ಬಂದದ್ದಲ್ಲ. ಆದರೆ "ಗಾಳಿ" ಎಂಬ ಹೆಸರು ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಬೇಡ ಮಾರಾಯ್ತಿ.

ಏಳು ತಿಂಗಳಿಗೆ ಚಳಿ ತಡೆಯದೇ ಇರುವುದು, ಸುಸ್ತು, ಮೈಕೈ ನೋವು ಅಂದರೆ ನನಗೆ ಮೊದಲು ನೆನಪಾಗುವುದು ಥೈರಾಯ್ಡ್. ಹೆತ್ತ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಆ ಗ್ರಂಥಿ ಊದಿಕೊಳ್ಳುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಹಾರ್ಮೋನ್ ಏರಿ ಎದೆ ಹೊಡೆದುಕೊಳ್ಳುವುದು, ಬೆವರುವುದು. ಆಮೇಲೆ ಇಳಿದು ಚಳಿ, ಮಂಕು, ಮಲಬದ್ಧತೆ, ಕೂದಲು ಉದುರುವುದು. ಎಲ್ಲರೂ "ಬಾಣಂತನದ ಸುಸ್ತು" ಅಂತ ತಳ್ಳಿಬಿಡುತ್ತಾರೆ. ಒಂದು ರಕ್ತ ಪರೀಕ್ಷೆ, ಟಿಎಸ್‌ಎಚ್, ಸಾಕು ಗೊತ್ತಾಗಲು. ಅದರ ಜೊತೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಡಿ ನೋಡಿಸು. ಹಿಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ ತಳ ಕಂಡಿರುವ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಬೆರಳು ಮಡಚಲು ಆಗದಿದ್ದರೆ, ಗೆಣ್ಣು ಊದಿದ್ದರೆ, ಅದು ಸಂಧಿವಾತದ ಡಾಕ್ಟರರ ಕೆಲಸ. ಆ ಕಾಯಿಲೆ ಹೆರಿಗೆಯಾದ ಮೇಲೆ ತಲೆ ಎತ್ತುವುದುಂಟು.

ಇನ್ನು ಕಡಲಪಾಚಿ ಸಾರು. ಅದರಲ್ಲಿ ಅಯೋಡಿನ್ ಬಹಳ. ಆಗಾಗ ಒಂದು ಬಟ್ಟಲು ಬೇರೆ, ತಿಂಗಳುಗಟ್ಟಲೆ ದಿನಕ್ಕೆ ಮೂರು ಹೊತ್ತು ಬೇರೆ. ಥೈರಾಯ್ಡ್ ಏರುಪೇರು ಇದ್ದರೆ ತಾಯಿಗೂ, ಎದೆಹಾಲಿನ ಮೂಲಕ ಮಗುವಿಗೂ ಅದು ಮುಖ್ಯ ಸಂಗತಿ. ಡಾಕ್ಟರಿಗೆ ಹೇಳು.

ಹೆಬ್ಬೆರಳ ಬುಡದ ನೋವು ಬಹುಶಃ ಬೇರೆಯೇ. ಮಗುವಿನ ಕಂಕುಳಿಗೆ ಎರಡೂ ಹೆಬ್ಬೆರಳು ಚಾಚಿ ಎತ್ತುತ್ತೀಯಲ್ಲ, ಆ ಸ್ನಾಯುರಜ್ಜು ಹಾದುಹೋಗುವ ಕೊಳವೆ ಊದಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ, ಉಸಿರಾಡುವಾಗ ಎದೆ ಚುಚ್ಚಿದರೆ, ಜ್ವರ ಬಂದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ ಯಾವ ಸೂಜಿಗೂ ಕಾಯದೆ ಅಲ್ಲಿನ ತುರ್ತು ನಂಬರ್ 119ಕ್ಕೆ ಫೋನ್ ಮಾಡು. ಬದುಕುವುದೇ ಬೇಡ ಅನ್ನಿಸಿದರೂ ಅಷ್ಟೇ. ಇದನ್ನು ಪ್ರತಿಯೊಬ್ಬ ತಾಯಿಗೂ ಹೇಳುತ್ತೇನೆ, ನಿನಗೂ ಹೇಳಿದೆ.

ಹ್ವಾಸೊಂಗ್ ಕನ್ನಡಿಗ · ನವೆಂಬರ್ 10, ರಾತ್ರಿ 8:20

ಒಂದು ವಿಷಯ ಹೇಳಲೇಬೇಕು. ಹೋದ ವರ್ಷ ನನ್ನ ಹೆಂಡತಿ ಹೆರಿಗೆಯ ಊತ ಇಳಿಸೋಕೆ ಅಂತ ಒಂದು ಕಡೆ ಹನ್ಯಾಕ್ ತಗೊಂಡಳು. ಎರಡನೇ ದಿನ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ, ಎದೆ ಡವಡವ, ಕೈ ನಡುಕ. ಮಗು ಕೂಡ ಅವತ್ತು ಮಲಗಲಿಲ್ಲ. ಫೋನ್ ಮಾಡಿ ಒತ್ತಾಯ ಮಾಡಿ ಕೇಳಿದಾಗ ಅದರಲ್ಲಿ ಮಾಹ್ವಾಂಗ್ ಅನ್ನೋ ಮೂಲಿಕೆ ಇದೆ ಅಂತ ಗೊತ್ತಾಯ್ತು. ತೂಕ ಇಳಿಸೋ ಕಷಾಯಗಳಲ್ಲಿ ಅದನ್ನ ಹಾಕ್ತಾರೆ. ಅದರೊಳಗಿರೋದು ಎಫೆಡ್ರಿನ್, ಎದೆಬಡಿತ ಏರಿಸಿ ನಿದ್ದೆ ಕೆಡಿಸೋ ಪದಾರ್ಥ. ಹಾಲೂಡಿಸೋ ತಾಯಿಗೆ ಅದು ಸಲ್ಲದು.

ಇವಳು ಎದೆಹಾಲು ಕೊಡ್ತೀನಿ ಅಂತ ಹೇಳಿದ್ದಳು. ಅವರಿಗೆ ಅರ್ಥ ಆಯ್ತೋ ಇಲ್ಲವೋ, ಚೀಟಿಯಲ್ಲಂತೂ ಬರೆದಿರಲಿಲ್ಲ. ದಯವಿಟ್ಟು ಪೊಟ್ಟಣದಲ್ಲಿ ಏನೇನು ಹಾಕಿದ್ದಾರೆ ಅಂತ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಎದ್ದು ಬನ್ನಿ.

ಹಾಸನದ ವೈದ್ಯೆ · ನವೆಂಬರ್ 11, ಬೆಳಿಗ್ಗೆ 6:50

ನಾನು ಆಯುರ್ವೇದ ಓದಿದವಳು. ಕೊರಿಯಾದ ವೈದ್ಯವನ್ನು ಪುಸ್ತಕದಲ್ಲಿ ಬಲ್ಲೆ, ಕೈಯಲ್ಲಿ ಮಾಡಿಲ್ಲ.

ಅವರ ಮೂಲಗ್ರಂಥ ದೊಂಗುಯ್ ಬೊಗಾಮ್. ರಾಜವೈದ್ಯ ಹೊ ಜುನ್ 1610ರಲ್ಲಿ ಬರೆದು ಮುಗಿಸಿ, 1613ರಲ್ಲಿ ಅಚ್ಚಾದ 25 ಸಂಪುಟ. 2009ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು. ಅವರ ವಿಚಾರದಲ್ಲಿ ಹೆರಿಗೆಯಾದ ಮೇಲೆ ಎರಡು ಕೆಲಸ: ಮೊದಲು ಒಳಗೆ ನಿಂತ ಕೆಟ್ಟ ರಕ್ತ ಹೊರಹಾಕುವುದು, ಆಮೇಲೆ ಖಾಲಿಯಾದ ಮೈ ತುಂಬುವುದು. ಮೊದಲನೆಯದಕ್ಕೆ ಹೆಸರಾದದ್ದು ಸೆಂಗ್‌ಹ್ವಾತಾಂಗ್. ದಾಂಗ್‌ಗ್ವಿ, ಚೊಂಗುಂಗ್ ಎಂಬ ಎರಡು ಬೇರು, ಪೀಚ್ ಬೀಜದ ತಿರುಳು, ಹುರಿದ ಒಣಶುಂಠಿ, ಜ್ಯೇಷ್ಠಮಧು. ಅದು ಹೆತ್ತ ಮೊದಲ ಒಂದೆರಡು ವಾರದ ಕಷಾಯ. ಏಳನೇ ತಿಂಗಳಿಗೆ ಯಾರಾದರೂ ಅದನ್ನೇ ಕೊಟ್ಟರೆ ಯಾಕೆ ಅಂತ ಕೇಳು.

ನಮ್ಮಲ್ಲೂ ಸೂತಿಕಾ ಕಾಲ ಒಂದೂವರೆ ತಿಂಗಳು, ಕೆಲವರ ಮತದಲ್ಲಿ ಮತ್ತೆ ಮುಟ್ಟಾಗುವವರೆಗೆ. ಹೆತ್ತವಳ ಮೈ ಶೂನ್ಯ, ಆ ಶೂನ್ಯದಲ್ಲಿ ವಾತ ಕೆರಳುತ್ತದೆ. ಸಾವಿರಾರು ಮೈಲಿ ಆಚೆಯವರಿಗೂ ಅದೇ ಕಂಡಿದೆ ಅಂದರೆ ಹೆಂಗಸರ ನೋವು ಎಲ್ಲ ಕಡೆ ಒಂದೇ ಬಗೆಯದು ಅಂತಷ್ಟೇ ನಾನು ತಿಳಿಯುತ್ತೇನೆ, ಔಷಧ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಪುರಾವೆ ಆಗುವುದಿಲ್ಲ.

ಕೈಮುಗಿದು ಕೇಳುವುದು ಒಂದು: ಅಮ್ಮ ಬಿಟ್ಟುಹೋದ ದಶಮೂಲಾರಿಷ್ಟ ಕಪಾಟಿನಲ್ಲಿದ್ದರೆ ಹನ್ಯಾಕ್ ಜೊತೆ ಸೇರಿಸಿ ಕುಡಿಯಬೇಡ. ಅರಿಷ್ಟದಲ್ಲಿ ತಾನಾಗೇ ಹುಟ್ಟಿದ ಮದ್ಯಸಾರ ಇರುತ್ತದೆ. ಜ್ಯೇಷ್ಠಮಧು ಎರಡೂ ಕಡೆಯಿಂದ ಸೇರಿ ಹೆಚ್ಚಾದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ದಾಂಗ್‌ಗ್ವಿ, ಜಿನ್ಸೆಂಗ್ ಮುಟ್ಟುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ತುಂಗೆಯ ಮಗಳು, ಸುವೊನ್ · ನವೆಂಬರ್ 19, ರಾತ್ರಿ 12:10

ನಿಮ್ಮೆಲ್ಲರ ಮಾತು ಯಜಮಾನರಿಗೂ ಓದಿ ಹೇಳಿದೆ. ಸಿಸ್ಟರ್, ನೀವು ಹೇಳಿದ ಹಾಗೆ ಮೊದಲು ರಕ್ತ ಕೊಟ್ಟೆ. ಥೈರಾಯ್ಡ್ ಸರಿ ಇದೆ. ಫೆರಿಟಿನ್ 9, ವಿಟಮಿನ್ ಡಿ 12. ಎರಡಕ್ಕೂ ಮಾತ್ರೆ ಶುರುವಾಗಿದೆ. ಆ ರಿಪೋರ್ಟ್ ಹಿಡಿದುಕೊಂಡೇ ಶನಿವಾರ ಹನುಯ್‌ವೊನ್‌ಗೆ ಹೋದೆವು.

ಒಳಗೆ ಹೋದ ಕೂಡಲೇ ಎರಡು ಪುಟದ ಫಾರಂ ಕೊಟ್ಟರು. ಫೋನ್ ಹಿಡಿದು ತರ್ಜುಮೆ ಮಾಡ್ತಾ ಹೋದ ಹಾಗೆ ನನಗೆ ಗಂಟಲು ಕಟ್ಟಿಬಂತು. ಬೆವರು ಎಲ್ಲಿ ಬರುತ್ತೆ, ಹಗಲೋ ರಾತ್ರಿಯೋ? ಬಿಸಿನೀರು ಇಷ್ಟವೋ ತಣ್ಣೀರೋ? ಕನಸು ಬೀಳುತ್ತಾ? ನೋವು ಅನ್ನೋದರ ಕೆಳಗೇ ಇನ್ನೊಂದು ಖಾನೆ ಇತ್ತು, "ಶಿರಿಮ್" ಅಂತ. ಫೋನ್ ಅದನ್ನ "ತಣ್ಣಗೆ" ಅಂತ ಹೇಳಿತು, ಅದು ಸರಿಯಿಲ್ಲ. ಶಿರಿಮ್ ಅಂದರೆ ಕೊರೆಯೋದು. ಮೂಳೆ ಕೊರೆಯೋದು. ನಾಲ್ಕು ತಿಂಗಳಿಂದ ಯಾರಿಗೂ ಹೇಳೋಕೆ ಬಾರದೇ ಇದ್ದದ್ದಕ್ಕೆ ಇವರ ಹತ್ತಿರ ಟಿಕ್ ಹಾಕೋ ಜಾಗವೇ ಇತ್ತು.

ಡಾಕ್ಟರು ಐವತ್ತರ ಹೆಂಗಸು. ಎರಡೂ ಕೈಯ ನಾಡಿ ಮೂರು ಬೆರಳಿಟ್ಟು ನೋಡಿದರು, ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ಒತ್ತಿ ನೋಡಿದರು. ಹೆರಿಗೆಯಾದ ಮೇಲೆ ನನ್ನ ಹೊಟ್ಟೆಯನ್ನ ಅಷ್ಟು ನಿಧಾನವಾಗಿ ಮುಟ್ಟಿ ನೋಡಿದವರು ಅಮ್ಮ ಬಿಟ್ಟರೆ ಇವರೇ. ರಿಪೋರ್ಟ್ ಓದಿ ಕಬ್ಬಿಣದ ಮಾತ್ರೆ ಬಿಡಬಾರದು, ಕಷಾಯಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇರಲಿ ಅಂದರು. ಮಾಹ್ವಾಂಗ್ ಕೇಳಿದೆ, ಇಲ್ಲ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಹ್ವಾಸೊಂಗ್ ಅಣ್ಣ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಬಿಸಿ ಮಾಡಿದ ಹಾಸಿಗೆ ಮೇಲೆ ಮಲಗಿಸಿ ಹದಿನಾಲ್ಕು ಸೂಜಿ ಹಾಕಿದರು. ಕೂದಲಿನಷ್ಟು ಸಣ್ಣ ಸೂಜಿ, ಚುಚ್ಚಿದ್ದು ಗೊತ್ತಾಗಲಿಲ್ಲ. ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಹಾಕಿದಾಗ ಮಾತ್ರ ಜುಮ್ಮಂತ ಮೊಣಕೈವರೆಗೆ ಓಡಿತು. ಹೊಕ್ಕುಳ ಕೆಳಗೆ ಒಂದು ಬಟ್ಟಲಲ್ಲಿ ಸ್ಸುಕ್ ಸೊಪ್ಪಿನ ಉಂಡೆ ಇಟ್ಟು ಹೊತ್ತಿಸಿದರು. ಹೊಗೆ ಮೂಗಿಗೆ ಬಂದಿದ್ದೇ ತಡ, ಗೌರಿ ಹಬ್ಬದ ಬೆಳಿಗ್ಗೆ ನಮ್ಮನೆ ದೇವರ ಕೋಣೆಯಲ್ಲಿ ಇದ್ದ ಹಾಗಾಯ್ತು. ಮನೆಗೆ ಬಂದು ನೋಡಿದರೆ ಸ್ಸುಕ್ ನಮ್ಮ ಮಾಚಿಪತ್ರೆ ಜಾತಿಯದೇ ಗಿಡ. ಇಪ್ಪತ್ತು ನಿಮಿಷ ಮಲಗಿದ್ದೆ. ಯಜಮಾನರು ಹೊರಗೆ ಮಗುವನ್ನ ಎತ್ತಿಕೊಂಡು ಓಡಾಡ್ತಿದ್ದರು. ಜುಲೈ ಆದಮೇಲೆ ಹಗಲು ಹೊತ್ತಿನಲ್ಲಿ ನಾನು ಒಬ್ಬಳೇ ಮಲಗಿದ್ದು ಅದೇ ಮೊದಲು.

ಸೂಜಿಗೆ 13 ಸಾವಿರ ವೊನ್ ಆಯ್ತು. 20 ದಿನದ ಕಷಾಯಕ್ಕೆ 2 ಲಕ್ಷ 80 ಸಾವಿರ, ಕಾರ್ಡಿನಲ್ಲಿ ಉಳಿದಿದ್ದ ಹಣ ಅಲ್ಲಿಗೆ ಖಾಲಿ.

ಅಜ್ಜಿಮನೆ ಸುಬ್ಬಕ್ಕ · ನವೆಂಬರ್ 19, ಬೆಳಿಗ್ಗೆ 5:30

ಕೂಸೇ, ನೀನು ಬರೆದದ್ದರಲ್ಲಿ ನನಗೆ ಕಂಡ ಔಷಧಿ ಆ ಇಪ್ಪತ್ತು ನಿಮಿಷ. ನಾನು ಐದು ಬಾಣಂತನ ಮಾಡಿದೀನಿ, ಮೂರು ಮಾಡಿಸಿಕೊಂಡಿದೀನಿ. ಲೇಹ್ಯ ಖಾರ ಎಲ್ಲಾ ಸರಿಯೇ. ಆದರೆ ಬಾಣಂತಿ ಕೋಣೆ ಬಾಗಿಲು ಹಾಕ್ತಿದ್ದದ್ದು ಗಾಳಿಗೆ ಮಾತ್ರ ಅಲ್ಲ, ಕೆಲಸಕ್ಕೆ ಯಾರೂ ಕರೀಬಾರದು ಅಂತ. ನಿನ್ನ ಗಂಡನಿಗೆ ಹೇಳು, ರಾತ್ರಿ ಒಂದು ಹೊತ್ತು ಮಗು ಅವನದು. ಪಾತ್ರೆ ಅವನದು. ಮಗುವನ್ನ ಎತ್ತುವಾಗ ಒಂದು ಕೈ ಕುಂಡೆ ಅಡಿ, ಒಂದು ಕೈ ಬೆನ್ನ ಹಿಂದೆ, ಹೆಬ್ಬೆರಳು ಅಂಗೈಗೆ ಅಂಟಿಕೊಂಡೇ ಇರಬೇಕು. ಮೊರದಲ್ಲಿ ಅಕ್ಕಿ ಎತ್ತಿಕೊಂಡ ಹಾಗೆ.

ಹೆರಿಗೆ ವಾರ್ಡಿನ ಸಿಸ್ಟರ್, ಮಂಗಳೂರು · ನವೆಂಬರ್ 19, ಬೆಳಿಗ್ಗೆ 10:15

ಸುಬ್ಬಕ್ಕ ಹೇಳಿದ ಎತ್ತುವ ಕ್ರಮ ನಾವು ವಾರ್ಡಿನಲ್ಲಿ ಕಲಿಸುವುದೇ ಅದು. ಫೆರಿಟಿನ್ 9 ಅಂದರೆ ಬಹಳ ಕಡಿಮೆ, ಮೂರು ತಿಂಗಳಾದರೂ ಮಾತ್ರೆ ಬಿಡಬೇಡ. ಕಬ್ಬಿಣ ತುಂಬಿದ ಮೇಲೂ ಪಾದ ಕೊರೆದರೆ ಆಗ ಮುಂದಿನದು ನೋಡುವ. ಸೂಜಿಗೆ ಬಾಣಂತಿಯರಲ್ಲಿ ಗಟ್ಟಿಯಾದ ಅಧ್ಯಯನ ಕಡಿಮೆ. ಆದರೂ ಸ್ವಚ್ಛ ಸೂಜಿ, ಓದಿದ ಕೈ ಇದ್ದರೆ ಅಪಾಯವೂ ಕಡಿಮೆ. ನಿನಗೆ ಹಗುರ ಅನ್ನಿಸಿದರೆ ಹೋಗು.

ತುಂಗೆಯ ಮಗಳು, ಸುವೊನ್ · ಡಿಸೆಂಬರ್ 28, ರಾತ್ರಿ 10:05

ಎಂಟು ಸಲ ಸೂಜಿ ಮುಗಿಯಿತು. ಆದದ್ದನ್ನ ಆದ ಹಾಗೇ ಹೇಳ್ತೀನಿ.

ಪಾದ ಕೊರೆಯೋದು ಮುಕ್ಕಾಲು ಪಾಲು ಹೋಗಿದೆ. ರಾತ್ರಿ ಬೆವರೂ ಇಲ್ಲ. ಸೊಂಟ ಸೂಜಿ ಹಾಕಿದ ಎರಡು ದಿನ ಹಗುರ ಇರುತ್ತೆ, ಮೂರನೇ ದಿನ ಮತ್ತೆ ಹಿಡಿಯುತ್ತೆ, ಆದರೆ ಮೊದಲಿನಷ್ಟಿಲ್ಲ. ಇದು ಕಬ್ಬಿಣವೋ, ಸೂಜಿಯೋ, ಬಿಸಿ ನೆಲವೋ, ಯಜಮಾನರು ರಾತ್ರಿ ಎರಡು ಗಂಟೆಗೆ ಏಳೋದೋ, ಬಿಡಿಸಿ ಹೇಳೋಕೆ ನನಗೆ ಬರಲ್ಲ. ಕಷಾಯ ಒಂದು ಸುತ್ತಿಗೇ ನಿಲ್ಲಿಸಿದೆ. ಇನ್ನೊಂದು ಸುತ್ತು ಕುಡಿಯುವಷ್ಟು ವ್ಯತ್ಯಾಸ ಕಾಣಲಿಲ್ಲ, ಡಾಕ್ಟರೂ ಒತ್ತಾಯ ಮಾಡಲಿಲ್ಲ.

ಮಣಿಕಟ್ಟಿಗೆ ಮಾತ್ರ ಸೂಜಿ ಕೆಲಸ ಮಾಡಲಿಲ್ಲ. ಐದನೇ ಸಲಕ್ಕೆ ಹನುಯ್‌ವೊನ್ ಡಾಕ್ಟರೇ "ಇದು ನನ್ನ ಕೈಗೆ ಬಗ್ಗುತ್ತಿಲ್ಲ, ಸ್ಕ್ಯಾನ್ ಮಾಡಿಸು" ಅಂತ ಕಳಿಸಿದರು. ಬೇರೆ ಮೂಳೆ ಡಾಕ್ಟರು ಸ್ಕ್ಯಾನ್‌ನಲ್ಲಿ ತೋರಿಸಿದರು, ಸಿಸ್ಟರ್ ಹೇಳಿದ ಅದೇ ಕೊಳವೆ ಊದಿತ್ತು. ಹೆಬ್ಬೆರಳು ಸೇರಿಸಿ ಕಟ್ಟೋ ಪಟ್ಟಿ ಮೂರು ವಾರ, ಒಂದು ಇಂಜೆಕ್ಷನ್. ಈಗ ಮುಚ್ಚಳ ತಿರುಗಿಸೋಕೆ ಆಗ್ತಿದೆ.

ಹೊಸ ಅಮ್ಮ, ದೆಜೊನ್ · ಡಿಸೆಂಬರ್ 29, ಮಧ್ಯಾಹ್ನ 1:00

ಅಕ್ಕಾ, ನನಗೆ ಎರಡು ತಿಂಗಳ ಮಗು, ಮಂಡಿ ನಿಮ್ಮ ಹಾಗೇ ಆಗ್ತಿದೆ. ನನಗೆ ಕೊರಿಯನ್ ಬರಲ್ಲ. ಹೋದ ಕೂಡಲೇ ಏನು ಹೇಳಬೇಕು?

ತುಂಗೆಯ ಮಗಳು, ಸುವೊನ್ · ಡಿಸೆಂಬರ್ 29, ಮಧ್ಯಾಹ್ನ 3:45

ಮೊದಲು ರಕ್ತ ಪರೀಕ್ಷೆ ಮಾಡಿಸಿ ಆ ಕಾಗದ ಹಿಡಿದುಕೊಂಡು ಹೋಗಮ್ಮ. ಮೂರು ಮಾತು ಬಾಯಿಪಾಠ ಮಾಡ್ಕೋ. "ಮೊಯು ಸುಯು ಜುಂಗಿಎಯೊ" ಅಂದರೆ ಎದೆಹಾಲು ಕೊಡ್ತಿದ್ದೀನಿ, ಇದನ್ನ ಎರಡು ಸಲ ಹೇಳು. "ಮಾಹ್ವಾಂಗ್ ಪೆ ಜುಸೆಯೊ" ಅಂದರೆ ಮಾಹ್ವಾಂಗ್ ಬಿಟ್ಟು ಕೊಡಿ. ಆಮೇಲೆ ಮಂಡಿ ಮೇಲೆ ಕೈಯಿಟ್ಟು "ಮುರುಪಿ ಶಿರ್ಯೊಯೊ" ಅನ್ನು. ಮಂಡಿ ಕೊರೆಯುತ್ತೆ ಅಂತ. ಅದು ಅವರಿಗೆ ಅರ್ಥ ಆಗುತ್ತೆ. ದೆಜೊನ್‌ನಲ್ಲಿ ಜೊತೆಗೆ ಯಾರೂ ಇಲ್ಲ ಅಂದರೆ ಹೋಗೋ ದಿನ ಹೇಳು, ವಿಡಿಯೊ ಕಾಲ್‌ನಲ್ಲಿ ನಾನಿರ್ತೀನಿ. ಮಗುವನ್ನ ಎತ್ತಿಕೊಳ್ಳೋಕೆ ಮಾತ್ರ ಯಜಮಾನರನ್ನ ಕರ್ಕೊಂಡು ಹೋಗು.